ಬರೆದದ್ದು ನಾವು, ಕಟ್ಟೋದು ಮೇಷ್ಟ್ರು

ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ಕೂತಿದ್ದೆ. ಆಲೂರು ಕಡೆ ಶಾಲೆಯಲ್ಲಿದ್ದ ಮೇಷ್ಟ್ರೊಬ್ಬರು ಸಿಕ್ಕಿದರು. ನಿವೃತ್ತಿಯಾಗಿ ಐದು ತಿಂಗಳು. "ಪೆನ್ಶನ್ ಆಯ್ತಾ ಮೇಷ್ಟ್ರೇ?" ಅಂದೆ. ಮಾತಾಡಲಿಲ್ಲ. ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ನಾಲ್ಕು ಮಡಿಕೆಯ ಜ್ಞಾಪನ, ಅಂದರೆ ಕಚೇರಿಯ ಮೆಮೊ. ಹೆಚ್ಚುವರಿಯಾಗಿ ಪಡೆದಿರುವ ವೇತನ ರೂ. 2,87,416 ಅನ್ನು ಸರ್ಕಾರಕ್ಕೆ ಜಮಾ ಮಾಡತಕ್ಕದ್ದು, ತಪ್ಪಿದಲ್ಲಿ ಉಪದಾನದಲ್ಲಿ (ಗ್ರಾಚ್ಯುಟಿ) ಕಟಾಯಿಸಲಾಗುವುದು.

ಪಡೆದಿರುವ! ಮೇಷ್ಟ್ರು ಅಮಾವಾಸ್ಯೆ ರಾತ್ರಿ ಖಜಾನೆ ಗೋಡೆ ಹಾರಿ ಹೊತ್ತುಕೊಂಡು ಬಂದ ಹಾಗೆ.

ನಡೆದದ್ದು ಇಷ್ಟು. 2009ರಲ್ಲಿ ವೇತನ ನಿಗದಿ ಮಾಡುವಾಗ ಕಚೇರಿಯಲ್ಲಿ ಒಂದು ಇನ್‌ಕ್ರಿಮೆಂಟ್ ಜಾಸ್ತಿ ಹಾಕಿದ್ದಾರೆ. ಬೇಸಿಕ್, ಅಂದರೆ ಮೂಲ ವೇತನ, ಒಂದು ಮೆಟ್ಟಿಲು ಮೇಲೆ ಹೋಯಿತು ಅಂದರೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಎಲ್ಲವೂ ಅದರ ಹಿಂದೆಯೇ ಏರುತ್ತವೆ. 2018ರಲ್ಲಿ ಆರನೇ ವೇತನ ಆಯೋಗದ ಸಂಬಳ ಬಂತು, 2024ರ ಆಗಸ್ಟಿನಲ್ಲಿ ಏಳನೆಯದು ಬಂತು. ಎರಡು ಸಲವೂ ಆ ತಪ್ಪಿನ ಮೇಲೇ ಹೊಸ ಬೇಸಿಕ್ ಕಟ್ಟಿದರು. ವರ್ಷಾ ವರ್ಷ ಎಸ್.ಆರ್.ನಲ್ಲಿ, ಅಂದರೆ ಸೇವಾ ಪುಸ್ತಕದಲ್ಲಿ, ಸಹಿ, ಸೀಲು. ಆ ಎಸ್.ಆರ್. ಇರೋದು ಎಲ್ಲಿ? ಮೇಷ್ಟ್ರ ಟ್ರಂಕಿನಲ್ಲಲ್ಲ, ಕಚೇರಿಯ ಬೀರುವಿನಲ್ಲಿ. ಬೀಗದ ಕೈ ಯಾರ ಹತ್ತಿರ? ಅದನ್ನು ಕೇಳಬಾರದು. ಪೆನ್ಶನ್ ಕಾಗದ ಎ.ಜಿ. (ಅಕೌಂಟೆಂಟ್ ಜನರಲ್) ಆಫೀಸಿಗೆ ಹೊರಡುವ ಹೊತ್ತಿಗೆ ಎಲ್ಲರಿಗೂ ಒಟ್ಟಿಗೇ ಕಣ್ಣು ಬಂದಿದೆ.

ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲೇ, ಪಂಜಾಬಿನ ರಫೀಕ್ ಮಸೀಹ್ ಕೇಸಿನಲ್ಲಿ, ಯಾರ ಹತ್ತಿರ ವಸೂಲಿ ಮಾಡಬಾರದು ಅಂತ ಐದು ಸಂದರ್ಭ ಬರೆದಿಟ್ಟಿದೆ. ಅದರಲ್ಲಿ ಮೂರು ಹೇಳುತ್ತೇನೆ. ಸಿ, ಡಿ ಗುಂಪಿನ, ಅಂದರೆ ಕೆಳ ದರ್ಜೆಯ ನೌಕರರು. ನಿವೃತ್ತರಾದವರು, ಇಲ್ಲವೇ ವರ್ಷದೊಳಗೆ ನಿವೃತ್ತರಾಗುವವರು. ಐದು ವರ್ಷಕ್ಕಿಂತ ಜಾಸ್ತಿ ಕಾಲ ಕೊಟ್ಟುಕೊಂಡು ಬಂದ ಹಣ. ನಮ್ಮ ಮೇಷ್ಟ್ರು ಈ ಮೂರಕ್ಕೂ ಸಲ್ಲುತ್ತಾರೆ. ಆದರೂ ಜ್ಞಾಪನ ಬಂತು. ಯಾಕೆ ಅಂದರೆ, ಬೇಕಾದವರು ಕೋರ್ಟಿಗೆ ಹೋಗಲಿ ಅಂತ. ಕೇರಳದ ಒಬ್ಬ ಮೇಷ್ಟ್ರು, ಥಾಮಸ್ ಡೇನಿಯಲ್, ಹಾಗೇ ಹೋದರು. ನಿವೃತ್ತರಾಗಿದ್ದು 1999ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದು 2022ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ. ನಮ್ಮವರಿಗೆ ಈಗಲೇ ಮಂಡಿನೋವು.

ಗೊತ್ತು, ಕೆಳಗೆ ಯಾರಾದರೂ ಬಂದು "ಅದು ತೆರಿಗೆದಾರರ ದುಡ್ಡು ಸಾರ್" ಅಂತ ಬರೆಯುತ್ತೀರಿ. 2012ರಲ್ಲಿ ಉತ್ತರಾಖಂಡದ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಆ ಮಾತು ಹೇಳಿತ್ತು. ಸರಿ, ಒಪ್ಪಿದೆ. ತಪ್ಪು ತಿದ್ದಿ, ಸರಿಯಾದ ಬೇಸಿಕ್ ಮೇಲೆ ಪೆನ್ಶನ್ ಕೊಡಿ, ಬೇಡ ಅಂದವರು ಯಾರು? ಆದರೆ ತಪ್ಪು ಬರೆದವನು, ಅದನ್ನು ನೋಡದೆ ಸಹಿ ಹಾಕಿದವನು, ತಪಾಸಣೆಗೆ ಬಂದು ಕಾಫಿ ಕುಡಿದು ಹೋದವನು, ಇವರಲ್ಲಿ ಒಬ್ಬನಿಗಾದರೂ ಒಂದು ರೂಪಾಯಿ ನೋಟಿಸ್ ಹೋಗಿದೆಯಾ? ತೆರಿಗೆದಾರರ ದುಡ್ಡಿನ ಕಾಳಜಿ ಮೇಷ್ಟ್ರ ಮನೆ ಬಾಗಿಲಿಗೇ ಬಂದು ಯಾಕೆ ನಿಲ್ಲುತ್ತದೆ? ಆ ಸಂಬಳದಲ್ಲಿ ಅವರು ಮಗಳ ಮದುವೆ ಮಾಡಿದ್ದಾರೆ, ಆ ಸಂಬಳಕ್ಕೇ ಸರ್ಕಾರಕ್ಕೆ ತೆರಿಗೆಯನ್ನೂ ಕಟ್ಟಿದ್ದಾರೆ.

ಈಗ ನನ್ನದೊಂದು ವಿಷಯ. ಅದೇ ಕಚೇರಿಯಲ್ಲಿ ವೇತನ ನಿಗದಿಯ ಟೇಬಲ್ಲಿನಲ್ಲಿ ಕೂತವನು ನಾನು, ಆ ಹಳೇ ಟೇಬಲ್ಲು ಗೊತ್ತಿರುವವರು ನಗಬೇಡಿ. ವೇತನ ನಿಗದಿ ಮಾಡುವಾಗ ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದೆವು. ಹೆಚ್ಚಿಗೆ ಬಂದಿದ್ದು ತಿಳಿದರೆ ವಾಪಸ್ ಕಟ್ಟುತ್ತೇನೆ ಅಂತ. "ಸುಮ್ನೆ ಫಾರ್ಮಾಲಿಟಿ, ಇಲ್ಲೊಂದು ಸಹಿ ಹಾಕಿ ಸಾರ್" ಅನ್ನುತ್ತಿದ್ದೆ. ಯಾರೂ ಓದುತ್ತಿರಲಿಲ್ಲ. ನಾನೂ ಪೂರ್ತಿ ಓದಿರಲಿಲ್ಲ. 2016ರಲ್ಲಿ ಪಂಜಾಬ್-ಹರಿಯಾಣದ ನ್ಯಾಯಾಧೀಶರೊಬ್ಬರ ಕೇಸಿನಲ್ಲಿ, ಅಂಥ ಮುಚ್ಚಳಿಕೆ ಕೊಟ್ಟವರು ನಿವೃತ್ತರಾಗಿದ್ದರೂ ಕಟ್ಟಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಎಷ್ಟು ಜನರ ಕೈಲಿ ಸಹಿ ಹಾಕಿಸಿದ್ದೆನೋ. ಒಮ್ಮೆ ನಾನೇ ಒಬ್ಬ ಟೀಚರಮ್ಮನಿಗೆ ಇನ್‌ಕ್ರಿಮೆಂಟಿನ ತಾರೀಖು ತಪ್ಪು ಹಾಕಿದ್ದೆ. ವಸೂಲಿ ಆಗಿದ್ದು ಅವರಿಂದ, ಕಂತಿನಲ್ಲಿ. ನನಗೆ ಆ ತಿಂಗಳೂ ಪೂರ್ತಿ ಸಂಬಳ ಬಂತು. ಅವರು ನನ್ನನ್ನು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಾರ್ಕಿನಲ್ಲಿ ಮೇಷ್ಟ್ರು ಕೇಳಿದ್ದೂ ಒಂದೇ ಮಾತು. "ನಾನು ಕಳ್ಳತನ ಮಾಡಿದ ಹಾಗೆ ಬರೆದಿದ್ದಾರಲ್ಲಪ್ಪ, ಇದನ್ನು ಮನೇಲಿ ಹೇಗೆ ತೋರಿಸಲಿ?" ಐದು ದಿನದಿಂದ ಆ ಕವರ್ ಜೇಬಿನಲ್ಲೇ ಇದೆಯಂತೆ. ಮನೆಯವರಿಗೆ ಇನ್ನೂ ಗೊತ್ತಿಲ್ಲ.

ಆಕ್ಷೇಪಣೆ ಬರೆದಿಟ್ಟಿದ್ದೇನೆ, ಎರಡು ಪುಟ ಆಯಿತು. ಮುಚ್ಚಳಿಕೆ ನಿಜವಾಗಿ ಫೈಲಿನಲ್ಲಿದೆಯಾ, ಇದ್ದರೆ ಯಾವ ತಾರೀಖಿನದು ಅನ್ನೋದನ್ನು ಮೊದಲು ನೋಡಬೇಕು. ಸೋಮವಾರ ಹತ್ತೂವರೆಗೆ ಮೇಷ್ಟ್ರನ್ನು ಕರೆದುಕೊಂಡು ಬರುತ್ತೇನೆ. ನನ್ನ ಹಳೇ ಟೇಬಲ್ಲಿನಲ್ಲಿ ಈಗ ಕೂರುವ ಹುಡುಗ ಇದನ್ನು ಓದುತ್ತಾನೆ, ಗೊತ್ತು. 2009ರ ವೇತನ ನಿಗದಿ ಫೈಲು ತೆಗೆದಿಟ್ಟಿರು ಮಾರಾಯ. ಸಿಗುತ್ತಿಲ್ಲ ಅನ್ನಬೇಡ. ಬೀರುವಿನ ಕೆಳಗಿನ ಅರೆ, ಎಡಗಡೆ.