ಬಾಯಿಮಾತಿಗೆ ತಿರುಗದ ವಿಮಾನ

ಕೋರ್ಟಿನಲ್ಲಿ ಗೆದ್ದು ಬಂದ ರೈತನನ್ನು ಕನ್ನಡಕದ ಮೇಲಿನಿಂದ ನೋಡಿ, ‘ಆರ್ಡರ್ ಆಗಿರಬಹುದು ಸ್ವಾಮಿ, ಸರ್ಟಿಫೈಡ್ ಕಾಪಿ ಎಲ್ಲಿ?’ ಎಂದು ಕೇಳಿ ಮೂರು ತಿಂಗಳು ಅಲೆಸುವ ತಾಲ್ಲೂಕು ಕಚೇರಿಯ ಗುಮಾಸ್ತರನ್ನು ನಾವು ಇಷ್ಟು ವರ್ಷ ತೀರಾ ಹಗುರವಾಗಿ ಕಂಡೆವೆಂದು ನನಗೀಗ ಅನ್ನಿಸುತ್ತಿದೆ. ಅವರ ಆ ವಿದ್ಯೆಯನ್ನು ಜಗತ್ತಿನ ಅತಿ ಬಲಿಷ್ಠ ಸರ್ಕಾರವೊಂದು ತನ್ನ ರಾಜಧಾನಿಯ ನ್ಯಾಯಾಲಯದಲ್ಲೇ, ಸೂಟುಬೂಟಿನ ವಕೀಲರ ಮೂಲಕ, ಪ್ರಯೋಗಿಸಿ ತೋರಿಸಿತು.

ಅದು 2025ರ ಮಾರ್ಚ್ 15, ಶನಿವಾರ. ಯುದ್ಧಕಾಲದಲ್ಲಿ ಶತ್ರುದೇಶದ ಪ್ರಜೆಗಳನ್ನು ಹಿಡಿದು ಹೊರಹಾಕಲು ಅಧಿಕಾರ ಕೊಡುವ 1798ರ ‘ಶತ್ರು ವಿದೇಶೀಯರ ಕಾಯ್ದೆ’ಯನ್ನು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಅಟ್ಟದಿಂದ ಇಳಿಸಿ ಧೂಳು ಕೊಡವಿದ್ದರು. ಅದನ್ನು ಅದಕ್ಕೂ ಮುನ್ನ ಬಳಸಿದ್ದು ಮೂರೇ ಸಲ: 1812ರ ಯುದ್ಧದಲ್ಲೊಮ್ಮೆ, ಎರಡು ಮಹಾಯುದ್ಧಗಳಲ್ಲಿ ಒಂದೊಂದು ಸಲ. ಈ ಬಾರಿ ಯಾವ ದೇಶದೊಂದಿಗೂ ಯುದ್ಧವಿರಲಿಲ್ಲ. ವೆನೆಜುವೆಲಾದ ‘ಟ್ರೆನ್ ದೆ ಅರಾಗ್ವಾ’ ಎಂಬ ಗ್ಯಾಂಗು ಅಮೆರಿಕದ ಮೇಲೆ ದಂಡೆತ್ತಿ ಬಂದಿದೆಯೆಂದು ಘೋಷಿಸಿದ್ದೇ ಸಾಕಾಯಿತು. ಅಂದು ಮೂರು ವಿಮಾನಗಳಲ್ಲಿ 200ಕ್ಕೂ ಹೆಚ್ಚು ಜನರನ್ನು ಎಲ್ ಸಾಲ್ವಡಾರ್‌ಗೆ ಸಾಗಿಸಲಾಯಿತು. ಅವರಲ್ಲಿ 137 ಮಂದಿ ಈ ಕಾಯ್ದೆಯ ಬಲಿಗಳು. ಅಲ್ಲಿನ ಮಹಾಜೈಲಿನಲ್ಲಿ ಸುಮಾರು 300 ಕೈದಿಗಳನ್ನು ಒಂದು ವರ್ಷ ಇಟ್ಟುಕೊಳ್ಳಲು ಸುಮಾರು 60 ಲಕ್ಷ ಡಾಲರ್ ಎಂದು ಮಾತಾಗಿತ್ತು. ಬೆಂಗಳೂರಿನ ಪಿ.ಜಿ. ಮಾಲೀಕರು ಗಮನಿಸಬೇಕಾದ ದರವಿದು.

ವಾಷಿಂಗ್ಟನ್ನಿನ ಫೆಡರಲ್ ಜಿಲ್ಲಾ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಅವರು ವಾರಾಂತ್ಯಕ್ಕೆಂದು ಊರಾಚೆ ಹೋಗಿದ್ದರು. ಈ ಗಡೀಪಾರನ್ನು ತಡೆಯಬೇಕೆಂದು ಬಂದ ಅರ್ಜಿಯ ತುರ್ತು ವಿಚಾರಣೆಯನ್ನು ಸಂಜೆ ಐದಕ್ಕೆ ನಡೆಸಿದ ಅವರು, ನಿಲುವಂಗಿಯಾಗಲಿ ಟೈ ಆಗಲಿ ಜೊತೆಯಲ್ಲಿ ತಂದಿಲ್ಲವೆಂದು ಕ್ಷಮೆ ಕೇಳಿಯೇ ಮಾತು ಶುರುಮಾಡಿದರು. ವಿಮಾನಗಳು ಹೊರಡಲಿವೆಯೇ ಎಂದು ಕೇಳಿದಾಗ, ಸರ್ಕಾರಿ ವಕೀಲರು ತಮಗೆ ಗೊತ್ತಿಲ್ಲವೆಂದರು. ತಿಳಿದುಕೊಂಡು ಬನ್ನಿ ಎಂದು ನ್ಯಾಯಾಧೀಶರು ಸುಮಾರು ನಲವತ್ತು ನಿಮಿಷ ಬಿಡುವು ಕೊಟ್ಟರು. ಆ ಬಿಡುವಿನಲ್ಲಿಯೇ ಟೆಕ್ಸಸ್‌ನಿಂದ ಎರಡು ವಿಮಾನಗಳು ಮೇಲೇರಿದವು. ಸುಮಾರು 6.45ಕ್ಕೆ ನ್ಯಾಯಾಧೀಶರು, ಆಕಾಶದಲ್ಲಿರುವ ವಿಮಾನವನ್ನಾದರೂ ಸರಿಯೇ, ತಿರುಗಿಸಿ ಈ ಜನರನ್ನು ವಾಪಸು ಕರೆತನ್ನಿ ಎಂದು ಬಾಯಿಮಾತಿನಲ್ಲಿ ಆದೇಶಿಸಿದರು. 7.25ರ ಹೊತ್ತಿಗೆ ಲಿಖಿತ ಆದೇಶ ಬಂತು. ಅದಾಗಿ ಕೆಲವು ನಿಮಿಷಗಳಲ್ಲಿ ಮೂರನೆಯ ವಿಮಾನವೂ ನೆಲ ಬಿಟ್ಟಿತು.

ಮರುದಿನ ಎಲ್ ಸಾಲ್ವಡಾರ್‌ನ ಅಧ್ಯಕ್ಷ ನಯೀಬ್ ಬುಕೆಲೆ ಅವರು ಕೋರ್ಟಿನ ಆದೇಶದ ಸುದ್ದಿಯ ಮೇಲೆ ‘ಅಯ್ಯೋ, ತಡವಾಗಿಹೋಯಿತಲ್ಲ’ ಎಂಬರ್ಥದ ಒಕ್ಕಣೆ ಬರೆದು, ಕಣ್ಣೀರು ಬರುವಂತೆ ನಗುವ ಮುಖವೊಂದನ್ನು ಅಂಟಿಸಿದರು. ಅಮೆರಿಕದ ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಅದನ್ನು ಹಂಚಿಕೊಂಡರು. ನ್ಯಾಯಾಂಗಕ್ಕೆ ಕಾರ್ಯಾಂಗ ಸಲ್ಲಿಸುವ ಅನುಪಾಲನಾ ವರದಿಯನ್ನು ಇಷ್ಟು ಸಂಕ್ಷಿಪ್ತವಾಗಿ ಬರೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಸರ್ಕಾರಿ ವಕೀಲರ ಸಮಜಾಯಿಷಿಯ ಸೊಗಸು. ಬಾಯಲ್ಲಿ ಹೇಳಿದ್ದು ಆದೇಶವೇ ಅಲ್ಲ, ಬರೆದದ್ದೊಂದೇ ಆದೇಶ ಎಂದರು. ಬರೆದದ್ದರಲ್ಲಿ ‘ಹೊರಹಾಕಬಾರದು’ ಎಂದಿದೆಯೇ ಹೊರತು ‘ತಿರುಗಿಸಿ’ ಎಂದಿಲ್ಲ. ದೇಶದ ಗಡಿ ದಾಟಿದವರನ್ನು ಆಗಲೇ ಹೊರಹಾಕಿ ಆಗಿತ್ತು, ಆದದ್ದನ್ನು ಮಾಡಬೇಡಿ ಎಂದರೆ ಹೇಗೆ ಎಂದರು. ನ್ಯಾಯಾಧೀಶರು ಚಾಪೆಯ ಕೆಳಗೆ ತೂರಿದರೆ ಸರ್ಕಾರ ರಂಗೋಲಿಯ ಕೆಳಗೆ ತೂರಿತು. ವಿಮಾನಗಳು ಯಾವಾಗ ಹೊರಟವು, ಯಾವಾಗ ಇಳಿದವು ಎಂದು ನ್ಯಾಯಾಲಯ ಪಟ್ಟುಹಿಡಿದು ಕೇಳಿದಾಗ, ಅದು ರಾಜ್ಯರಹಸ್ಯವೆಂದು ಸರ್ಕಾರ ಬಾಯಿ ಮುಚ್ಚಿಕೊಂಡಿತು. ಅಷ್ಟರಲ್ಲಿ ಆ ರಹಸ್ಯ ಹಾರಾಟದ ಹಾದಿಯನ್ನು ಸಾರ್ವಜನಿಕ ಜಾಲತಾಣಗಳಲ್ಲಿ ಯಾರು ಬೇಕಾದರೂ ನೋಡಬಹುದಾಗಿತ್ತು; ಕೈದಿಗಳ ತಲೆ ಬೋಳಿಸುವ ದೃಶ್ಯಗಳನ್ನು ಬುಕೆಲೆ ಅವರೇ ಸಂಗೀತದೊಡನೆ ಪ್ರಕಟಿಸಿಯಾಗಿತ್ತು.

ಶತ್ರುವನ್ನು ಗುರುತಿಸುವ ಕ್ರಮವೂ ಶಾಸ್ತ್ರೋಕ್ತವಾಗಿಯೇ ಇತ್ತು. ಅಂಕಪಟ್ಟಿಯೊಂದಿತ್ತು, ಎಂಟು ಅಂಕ ಬಂದರೆ ಗ್ಯಾಂಗಿನ ಸದಸ್ಯ, ಗ್ಯಾಂಗಿನದೆಂದು ಅಧಿಕಾರಿಗೆ ತೋರಿದ ಹಚ್ಚೆಗೆ ನಾಲ್ಕು ಅಂಕ. ಫುಟ್‌ಬಾಲ್ ಗೋಲ್‌ಕೀಪರ್ ಒಬ್ಬನ ಮೈಮೇಲೆ ಚೆಂಡು ಮತ್ತು ಕಿರೀಟದ ಹಚ್ಚೆಯಿತ್ತು. ಅದು ರಿಯಲ್ ಮ್ಯಾಡ್ರಿಡ್ ತಂಡದ ಲಾಂಛನದ ಅನುಕರಣೆ ಎಂದು ಅವನ ವಕೀಲರು ಅಲವತ್ತುಕೊಂಡರು. ಮುಂಗೈ ತುಂಬ ಹಚ್ಚೆ ಹಾಕಿಸಿಕೊಂಡಿದ್ದ ನಮ್ಮ ಅಜ್ಜಿಯರು ಆ ಕಡೆ ಹೋಗದೆ ಬದುಕಿಕೊಂಡರು.

ಮೂರನೆಯ ವಿಮಾನದ ವಿಷಯಕ್ಕೆ ಬರುತ್ತೇನೆ. ಅದರಲ್ಲಿದ್ದವರನ್ನು ಹಳೆಯ ಕಾಯ್ದೆಯಡಿ ಅಲ್ಲ, ಮಾಮೂಲು ಗಡೀಪಾರು ಆದೇಶಗಳಂತೆ ಕ್ರಮಬದ್ಧವಾಗಿ ಕಳುಹಿಸಲಾಗಿದೆ ಎಂಬುದು ಸರ್ಕಾರದ ವಾದ. ಆ ಕ್ರಮಬದ್ಧ ವಿಮಾನದಲ್ಲೇ ಮೇರಿಲ್ಯಾಂಡ್‌ನ ಒಬ್ಬ ಕಾರ್ಮಿಕನಿದ್ದ. ಇವನನ್ನು ಎಲ್ ಸಾಲ್ವಡಾರ್‌ಗೆ ಮಾತ್ರ ಕಳುಹಿಸಕೂಡದೆಂದು 2019ರಲ್ಲೇ ವಲಸೆ ನ್ಯಾಯಾಧೀಶರೊಬ್ಬರು ಆದೇಶಿಸಿದ್ದರು. ಭೂಪಟದಲ್ಲಿ ಬೇಕಾದಷ್ಟು ದೇಶಗಳಿದ್ದರೂ ಅವನನ್ನು ಒಯ್ದು ಇಳಿಸಿದ್ದು ಎಲ್ ಸಾಲ್ವಡಾರ್‌ನಲ್ಲಿಯೇ. ಅದು ‘ಆಡಳಿತಾತ್ಮಕ ಲೋಪ’ವೆಂದು ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಒಪ್ಪಿಕೊಂಡವರು ತಿದ್ದಿಕೊಳ್ಳಬೇಕೆಂಬ ನಿಯಮವೇನೂ ಇಲ್ಲವಲ್ಲ.

ಅವನನ್ನು ಕರೆತನ್ನಿ ಎಂದು ಮೇರಿಲ್ಯಾಂಡ್‌ನ ಫೆಡರಲ್ ನ್ಯಾಯಾಧೀಶೆ ಪೌಲಾ ಝಿನಿಸ್ ಏಪ್ರಿಲ್ 4ರಂದು ಆಜ್ಞಾಪಿಸಿದರು. ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್, ಅವನ ಬಿಡುಗಡೆಗೆ ಸರ್ಕಾರ ‘ಅನುವು ಮಾಡಿಕೊಡಬೇಕು’ ಎಂದಿತು. ಕೆಳಗಿನ ಕೋರ್ಟಿನ ಆದೇಶದಲ್ಲಿದ್ದ ‘ನೆರವೇರಿಸಬೇಕು’ ಎಂಬ ಮಾತಿನ ಅರ್ಥವನ್ನು ಮಾತ್ರ ಸ್ಪಷ್ಟಪಡಿಸಿ ಎಂದಿತು. ಎರಡು ಕ್ರಿಯಾಪದಗಳ ನಡುವಿನ ಆ ಸಂದಿಯಲ್ಲಿ ಸರ್ಕಾರ ಗುಡಾರ ಹಾಕಿ ಕುಳಿತುಬಿಟ್ಟಿತು. ಅನುವು ಮಾಡಿಕೊಡುವುದೆಂದರೆ, ಅವನಾಗಿಯೇ ಬಂದು ಬಾಗಿಲು ತಟ್ಟಿದರೆ ನಾವು ಚಿಲಕ ತೆಗೆಯುವುದು ಎಂದು ವ್ಯಾಖ್ಯಾನಿಸಿತು. ಏಪ್ರಿಲ್ 14ರಂದು ಶ್ವೇತಭವನದಲ್ಲಿ ಇಬ್ಬರು ಅಧ್ಯಕ್ಷರು ಅಕ್ಕಪಕ್ಕ ಕುಳಿತಿದ್ದಾಗ, ಎಲ್ ಸಾಲ್ವಡಾರ್ ಕಳುಹಿಸಿದರೆ ನಾವು ವಿಮಾನ ಕೊಡುತ್ತೇವೆ ಎಂದು ಅಟಾರ್ನಿ ಜನರಲ್ ಪಾಮ್ ಬಾಂಡಿ ಹೇಳಿದರು. ನಾನು ಅವನನ್ನು ಅಮೆರಿಕದೊಳಕ್ಕೆ ಕಳ್ಳಸಾಗಣೆ ಮಾಡಲೇ ಎಂದು ಬುಕೆಲೆ ಕೇಳಿದರು. ಬೀಗ ಒಬ್ಬರ ಕೈಯಲ್ಲಿ, ಕೀಲಿಕೈ ಇನ್ನೊಬ್ಬರ ಕೈಯಲ್ಲಿ. ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತು, ಅಯ್ಯೋ ಬಾಗಿಲು ತೆರೆಯುವವರು ಯಾರೂ ಇಲ್ಲವಲ್ಲ ಎಂದು ಮರುಗುತ್ತಿದ್ದರು.

ಮೂರು ದಿನಗಳ ನಂತರ, ರೇಗನ್ ಕಾಲದಲ್ಲಿ ನೇಮಕಗೊಂಡ ಸಂಪ್ರದಾಯವಾದಿ ಮೇಲ್ಮನವಿ ನ್ಯಾಯಾಧೀಶ ಹಾರ್ವಿ ವಿಲ್ಕಿನ್ಸನ್ ಅವರು, ‘ಅನುವು ಮಾಡಿಕೊಡು’ ಎಂಬುದು ಕ್ರಿಯೆಯನ್ನು ಬೇಡುವ ಕ್ರಿಯಾಪದವೆಂದು ತೀರ್ಪಿನಲ್ಲಿ ಬರೆಯಬೇಕಾಯಿತು. ನಾಲ್ಕು ದಶಕ ನ್ಯಾಯಪೀಠದಲ್ಲಿ ಕುಳಿತವರಿಂದ ದೇಶದ ಸರ್ಕಾರಕ್ಕೆ ಪ್ರಾಥಮಿಕ ಶಾಲೆಯ ವ್ಯಾಕರಣ ಪಾಠ. ಸಾಧ್ಯವೇ ಇಲ್ಲವೆಂದು ಸಾಧಿಸುತ್ತಿದ್ದ ಆ ವಾಪಸಾತಿ ಜೂನ್ 6ರಂದು ಸಲೀಸಾಗಿ ನಡೆಯಿತು. ಅವನ ಮೇಲೆ ಮಾನವ ಕಳ್ಳಸಾಗಣೆಯ ಆರೋಪಪಟ್ಟಿ ಸಿದ್ಧವಾದ ಮೇಲೆ.

ಈ ಎಲ್ಲದರ ನಡುವೆ ಸರ್ಕಾರ ಒಬ್ಬ ತಪ್ಪಿತಸ್ಥನನ್ನು ಮಾತ್ರ ಚಕಚಕನೆ ಪತ್ತೆಹಚ್ಚಿತು. ಏಪ್ರಿಲ್ 4ರ ವಿಚಾರಣೆಯಲ್ಲಿ ನ್ಯಾಯಾಧೀಶರು ಕೇಳಿದ ಪ್ರಶ್ನೆಗೆ, ಆ ಕಾರ್ಮಿಕನನ್ನು ಕಳುಹಿಸಬಾರದಿತ್ತು ಎಂದು ಇದ್ದದ್ದನ್ನು ಇದ್ದಂತೆ ಹೇಳಿದ್ದ ಸರ್ಕಾರಿ ವಕೀಲರು ಅವರು. ಮರುದಿನವೇ, ಅದೂ ಶನಿವಾರವೇ, ಅವರನ್ನು ರಜೆಯ ಮೇಲೆ ಕಳುಹಿಸಿ, ಕೆಲವೇ ದಿನಗಳಲ್ಲಿ ಕೆಲಸದಿಂದ ತೆಗೆಯಲಾಯಿತು. ಇಲ್ಲಿ ಕ್ರಿಯಾಪದದ ಅರ್ಥವನ್ನು ಯಾರೂ ಚರ್ಚಿಸಲಿಲ್ಲ. ಇಲಾಖೆಯು ಅನುವು ಮಾಡಿಕೊಡುತ್ತಾ ಕೂರದೆ, ನೇರವಾಗಿ ನೆರವೇರಿಸಿಯೇಬಿಟ್ಟಿತು.