ಎಸ್‌ಎಂಪಿಎಸ್‌ನಲ್ಲಿ ದುಡ್ಡು ಉಳಿಸಬೇಡಿ

ಮಕ್ಕಳ ಜೊತೆ ಕೂತು ಮೊದಲ ಗೇಮಿಂಗ್ ಕಂಪ್ಯೂಟರ್ ಜೋಡಿಸಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ 'ಬಜೆಟ್ ಕಮ್ಮಿ ಇದ್ರೆ ಕ್ಯಾಬಿನೆಟ್ ಜೊತೆ ಬರೋ ಎಸ್‌ಎಂಪಿಎಸ್ಸೇ ಸಾಕು, ಆ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ' ಅಂದಿದ್ದೀರಲ್ಲ, ಅದನ್ನ ಒಪ್ಪಲಾರೆ. ಎಸ್‌ಎಂಪಿಎಸ್ ಅಂದ್ರೆ ಮನೆ ಕರೆಂಟನ್ನ ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡೋ ಪವರ್ ಸಪ್ಲೈ ಡಬ್ಬಿ. ಮಂಡ್ಯದಲ್ಲಿ ನಾನೂ ಮಗಳೂ ಅದನ್ನೇ ಮಾಡಿ ಅನುಭವಿಸಿದ್ದೀವಿ.

ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ ಸಿಸ್ಟಮ್ ಆಫ್. ತೊಂದರೆ ಮೆಮೊರಿಯದ್ದೇನೋ ಅಂತ ಮೂರು ದಿನ ರ‍್ಯಾಮ್ ಕಿತ್ತು ಹಾಕಿದ್ದೇ ಹಾಕಿದ್ದು. ಕೊನೆಗೆ ಎಸ್‌ಎಂಪಿಎಸ್ ಬಿಚ್ಚಿ ನೋಡಿದ್ರೆ ಮೇಲೆ ದಪ್ಪಕ್ಷರದಲ್ಲಿ 500 ವ್ಯಾಟ್, ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಲೈನಿಗೆ ಬರೀ 18 ಆಂಪಿಯರ್. ಒಂಬತ್ತನೇ ಕ್ಲಾಸಿನ ಮಗಳು ಅಲ್ಲೇ ಗುಣಿಸಿ, "ಅಮ್ಮಾ, ಇದು ಇನ್ನೂರ ಹದಿನಾರೇ ವ್ಯಾಟು" ಅಂತ ಡಬ್ಬಿ ಮೇಲೆ ಪೆನ್ಸಿಲಲ್ಲಿ ಬರೆದಳು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಾಗಿ ಕರೆಂಟ್ ಎಳೆಯೋದು ಆ 12 ವೋಲ್ಟಿಂದಲೇ. ಅಂಗಡಿಯವರು ಇದನ್ನ ಹೇಳಲೇ ಇಲ್ಲ, ಅದಕ್ಕೆ ಈಗಲೂ ಬೇಜಾರಿದೆ. ಮೈಸೂರಿಂದ ಒಳ್ಳೇದು ತಂದು ಹಾಕಿದ ಮೇಲೆ ಒಂದು ಸಲವೂ ಆಫ್ ಆಗಿಲ್ಲ.

ಎಸ್‌ಎಂಪಿಎಸ್ ಮೇಲಿನ 80 ಪ್ಲಸ್ ಗುರುತು ನೋಡಿ ಅಂದಿದ್ದೀರಿ, ನೋಡಲಿ. ಆದರೆ ಅದು ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನೋದರ ಲೆಕ್ಕ, ರಕ್ಷಣೆಯ ಗ್ಯಾರಂಟಿ ಅಲ್ಲ.

ದಯವಿಟ್ಟು ಅರ್ಥಿಂಗ್ ವಿಷಯವನ್ನೂ ಲೇಖನಕ್ಕೆ ಸೇರಿಸಿ. ನಮ್ಮದು ಹಳೇ ಮನೆ, ಕ್ಯಾಬಿನೆಟ್ ಮುಟ್ಟಿದ್ರೆ ಮಗಳ ಕೈ ಜುಮ್ ಅಂತಿತ್ತು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದಾಗ ಮೂರನೇ ಪಿನ್ನಿಗೆ ಅರ್ಥಿಂಗ್ ವೈರೇ ಇರಲಿಲ್ಲ.