'ಪ್ರತಿದಿನ' ಅನ್ನೋ ಪದ ಬಿಟ್ಟೋಯ್ತು

ಲೇಖನ ಚೆನ್ನಾಗಿದೆ ಸರ್, ಆದ್ರೆ ತಪ್ಪದೆ ಚರ್ಚಿಗೆ ಬರೋದು, ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಡೋದು ಇವೇ ಯೇಸುವಿನ ನಿಷ್ಠೆಯ ಶಿಷ್ಯನ ಗುರುತು ಅಂತ ಬರೆದಿದ್ದೀರಲ್ಲ, ಅದನ್ನ ಒಪ್ಪೋಕೆ ಆಗ್ಲಿಲ್ಲ. ಜೀರಿಗೆಯಲ್ಲೂ ದಶಮಾಂಶ ಲೆಕ್ಕ ಹಾಕಿ ಕೊಟ್ಟು ನ್ಯಾಯ, ಕರುಣೆ ಬಿಟ್ಟವರನ್ನ ಯೇಸುಸ್ವಾಮಿ ಎಷ್ಟು ಗಟ್ಟಿಯಾಗಿ ಬೈದಿದ್ದಾರೆ ಅಂತ ಬೈಬಲಿನ ಮತ್ತಾಯ 23ರಲ್ಲೇ ಇದೆ (ಕೊಡ್ಬೇಡಿ ಅಂತಲ್ಲ, ಅದನ್ನೂ ಮಾಡಿ ಇದನ್ನೂ ಬಿಡ್ಬೇಡಿ ಅಂತ). ಶಿಲುಬೆ ಹೊತ್ಕೊಂಡು ನನ್ನ ಹಿಂದೆ ಬನ್ನಿ ಅನ್ನೋ ಮಾತು ಮತ್ತಾಯ, ಮಾರ್ಕ, ಲೂಕ ಮೂರರಲ್ಲೂ ಇದೆ, ಆದ್ರೆ ಲೂಕ 9:23ರಲ್ಲಿ ಮಾತ್ರ 'ಪ್ರತಿದಿನ' ಅಂತ ಸೇರಿದೆ ನೋಡಿ, ನಂಗೆ ಇಡೀ ವಿಷಯ ಆ ಒಂದು ಪದದಲ್ಲೇ ಇದೆ ಅನ್ಸುತ್ತೆ.

ನಾನು ವರ್ಷಗಟ್ಲೆ ಒಂದು ಆರಾಧನೆನೂ ತಪ್ಪಿಸಿರ್ಲಿಲ್ಲ, ಆದ್ರೆ ಆಸ್ತಿ ವಿಷಯಕ್ಕೆ ಅಣ್ಣನ ಜೊತೆ ಮಾತೇ ಬಿಟ್ಟಿದ್ದೆ, ಕಾಣಿಕೆನ ಯಜ್ಞವೇದಿ ಮುಂದೆನೇ ಬಿಟ್ಟು ಮೊದ್ಲು ಹೋಗಿ ಸಹೋದರನ ಜೊತೆ ಒಂದಾಗು ಅನ್ನೋ ವಾಕ್ಯ ಎಷ್ಟೋ ಸಲ ಕೇಳಿದ್ರೂ ಅದು ನನಗೇ ಹೇಳಿದ್ದು ಅಂತ ಅನ್ಸಿರ್ಲೇ ಇಲ್ಲ, ಕೊನೆಗೆ ಅಣ್ಣಂಗೆ ಫೋನ್ ಮಾಡಿ ತಪ್ಪಾಯ್ತು ಅಂದಾಗ ಕೈ ನಡುಗ್ತಿತ್ತು. ನನಗೆ ಶಿಲುಬೆ ಅಂದ್ರೇನು ಅಂತ ಸ್ವಲ್ಪ ಅರ್ಥ ಆಗಿದ್ದು ಅವತ್ತು. ಜರ್ಮನಿಯ ಪಾದ್ರಿ ಬಾನ್‌ಹಾಫರ್ 1939ರಲ್ಲಿ ಅಮೆರಿಕದ ಸುರಕ್ಷತೆ ಬಿಟ್ಟು ಜರ್ಮನಿಗೆ ವಾಪಸ್ ಹೋಗಿ 1945ರಲ್ಲಿ ನಾಜಿಗಳ ಗಲ್ಲಿಗೇರಿದ್ರು, ಅಷ್ಟು ದೊಡ್ಡದು ಎಲ್ಲರನ್ನೂ ಕೇಳಲ್ಲ ಸರ್. ಯೇಸು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಅಂದ ಶಿಷ್ಯ ಪೇತ್ರನಿಗೂ ಯೇಸುಸ್ವಾಮಿ ಮತ್ತೆ 'ನನ್ನನ್ನು ಹಿಂಬಾಲಿಸು' ಅಂತಾನೇ ಹೇಳಿದ್ರಲ್ಲ, ಬಿದ್ದವರ ಬಗ್ಗೆನೂ ಎರಡು ಮಾತು ಬರೀಬೇಕಿತ್ತು ನೀವು.